ಕೊಳೆಯದ ಹೊಂಗೆ ಎಲೆ

"ನನ್ನ ಮಗಳು ಕಾಲು ಜಾರಿ ಬೀಳೋಳಲ್ಲ ಕಣ್ರೀ. ಹೆಂಗೆ ಸತ್ತಳು ಅಂತ ನಂಗೆ ಗೊತ್ತಾಗ್ಬೇಕು," ಎಂದರು ನಾಗಮಣಿಯವರು. ಲಷ್ಕರ್ ಮೊಹಲ್ಲಾದ ನನ್ನ ಫೋಟೊ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಸಣ್ಣಮಾದಯ್ಯನನ್ನು ಹುಡುಕಿಕೊಂಡು ಅವರು ಯಾದವಗಿರಿಯಿಂದ ಬಂದಿದ್ದರು. ಕಾಲೇಜಿನ ಸಸ್ಯಶಾಸ್ತ್ರದ ಲ್ಯಾಬಿನಿಂದ ನಿವೃತ್ತನಾದ ಈ ಮನುಷ್ಯನಿಗೆ ಸಾವಿನ ಒಗಟು ಬಿಡಿಸುವ ಚಟ. ಅವನನ್ನು ಸ್ಕೂಟರಿನಲ್ಲಿ ಹೊತ್ತು ತಿರುಗುವುದು ನನ್ನ ಹಣೆಬರಹ.

ನಾಗಮಣಿಯವರ ಕಿರಿಮಗಳು ವರ್ಷಿಣಿ ಕೆರೆಗಳಲ್ಲಿ ಎಲೆ ಕೊಳೆಯುವ ಬಗೆಯನ್ನು ಸಂಶೋಧಿಸುತ್ತಿದ್ದಳು. ದೇವಿಕೆರೆಯಲ್ಲೂ ಮೇಟಗಳ್ಳಿಯ ಕಾರ್ಖಾನೆಯೊಂದರ ಹಿಂದಿನ ನೀರಿನ ಕಟ್ಟೆಯಲ್ಲೂ ಒಂದೇ ದಿನ ಹೊಂಗೆ ಎಲೆ ತುಂಬಿದ ಬಲೆಚೀಲಗಳನ್ನು ಮುಳುಗಿಸಿದ್ದಳು. ಐದು ವಾರ ಕಳೆದ ಮೇಲೆ ಅವಳ ಹೆಣ ದೇವಿಕೆರೆಯಲ್ಲಿ ತೇಲಿತು. ತಲೆಗೆ ಪೆಟ್ಟು ಬಿದ್ದಿತ್ತು. ಮಣಿಕಟ್ಟಿಗೆ ಸುತ್ತಿದ ದಾರದಲ್ಲಿ ಒಂದು ಬಲೆಚೀಲವಿತ್ತು. ಶ್ವಾಸಕೋಶದಲ್ಲಿ ದೇವಿಕೆರೆಯ ಹಸಿರು ಪಾಚಿ ಸಿಕ್ಕಿತ್ತು. ಚೀಲ ಎಳೆಯುವಾಗ ಜಾರಿ, ಕಲ್ಲಿಗೆ ತಲೆ ಬಡಿದು ಮುಳುಗಿದ್ದಾಳೆಂದು ಪೊಲೀಸರು ಬರೆದು ಕೈತೊಳೆದುಕೊಂಡಿದ್ದರು.

ಠಾಣೆಯಲ್ಲಿ ಆ ಚೀಲ ಬಿಚ್ಚಿಸಿ ನಾನು ಫೋಟೊ ತೆಗೆದೆ. ಎಲೆಗಳು ಕಂದಿದ್ದವು, ಆದರೆ ಒಂದೂ ಹರಿದಿರಲಿಲ್ಲ. ದೇವಿಕೆರೆಗೆ ಹೋಗಿ ಅದೇ ತಾರೀಖಿನ ಇನ್ನೊಂದು ಚೀಲ ಎಳೆದೆವು. ಅದರಲ್ಲಿ ಉಳಿದಿದ್ದದ್ದು ಬರೀ ನರ.

ಮೇಟಗಳ್ಳಿಯ ಕಟ್ಟೆಗೆ ಕಾರ್ಖಾನೆಯ ಗೇಟಿನಿಂದಲೇ ದಾರಿ. ಬೀಗ ತೆಗೆದವನು ಮ್ಯಾನೇಜರ್ ಶಿವಕಿರಣ್, ವರ್ಷಿಣಿಯ ಅಕ್ಕ ಸೌಮ್ಯಶ್ರೀಯ ಗಂಡ. ಬೀಗದ ಕೈ ತನ್ನೊಬ್ಬನ ಹತ್ತಿರವೇ ಇರುವುದೆಂದೂ ನಾದಿನಿ ತಿಂಗಳಿಂದ ಇತ್ತ ಬಂದೇ ಇಲ್ಲವೆಂದೂ ಹೇಳಿದ. ದಡದಲ್ಲಿ ಒಂದು ಮರವಿಲ್ಲ, ಒಣಗಿದ ಜೊಂಡು ಮಾತ್ರ. ನೀರಿನ ಕಲ್ಲಿಗೂ ಪಾಚಿ ಕಟ್ಟಿರಲಿಲ್ಲ. ವರ್ಷಿಣಿ ನೆಟ್ಟ ಗೂಟಗಳಲ್ಲಿ ಒಂದಕ್ಕೆ ಚೀಲವೇ ಇರಲಿಲ್ಲ.

ಭಾನುವಾರ ನಾಗಮಣಿಯವರ ಹಜಾರದಲ್ಲಿ ಹಿರಿಮಗಳು, ಅಳಿಯ, ಇನ್ಸ್‌ಪೆಕ್ಟರ್ ಎಲ್ಲರನ್ನೂ ಸಣ್ಣಮಾದಯ್ಯ ಕೂರಿಸಿದ. ಪಾಠ ಹೇಳುವ ದನಿಯಲ್ಲೇ ಶುರುಮಾಡಿದ. ದೇವಿಕೆರೆಯ ದಡದ ತುಂಬ ಹೊಂಗೆ ಮರಗಳು. ಉದುರಿದ ಎಲೆ ತಿಂದು ಬದುಕುವ ಹುಳು, ಬೂಷ್ಟು ಆ ನೀರಿನಲ್ಲಿ ತುಂಬಿವೆ. ಐದು ವಾರಕ್ಕೆ ಎಲೆ ನರವಾಗುತ್ತದೆ. ಕಾರ್ಖಾನೆಯ ಆಮ್ಲ ಬಿದ್ದ ಕಟ್ಟೆಯಲ್ಲಿ ಕೊಳೆಸುವ ಜೀವಗಳೇ ಸತ್ತಿವೆ. ಅಲ್ಲಿ ಎಲೆ ಇದ್ದ ಹಾಗೇ ಇರುತ್ತದೆ. ಹಾಗಾಗಿ ಹೆಣದ ಕೈಯಲ್ಲಿದ್ದದ್ದು ಕಟ್ಟೆಯ ಚೀಲ. ವರ್ಷಿಣಿ ಅವತ್ತು ಅಲ್ಲಿಗೆ ಹೋಗಿದ್ದಳು, ಬೀಗ ತೆಗೆದವನು ಸುಳ್ಳು ಹೇಳಿದ್ದ. ಕೊಳೆಯದ ಎಲೆ ಅವನ ಕಾರ್ಖಾನೆಯ ವಿರುದ್ಧ ಸಾಕ್ಷಿಯಾಗುತ್ತಿತ್ತು. ಪೊಲೀಸರ ಕಣ್ಣಿಗೆ ಎಲ್ಲ ಚೀಲವೂ ಒಂದೇ ಎಂದುಕೊಂಡು, ಜಾರಿ ಬಿದ್ದಂತೆ ಕಾಣಲೆಂದು ಅದನ್ನು ಅವಳ ಕೈಯಲ್ಲೇ ಬಿಟ್ಟಿದ್ದ.

ಶಿವಕಿರಣ್ ಹೆಂಡತಿಯ ಮುಖ ನೋಡಲಿಲ್ಲ. "ಜಗಳದಲ್ಲಿ ತಳ್ಬುಟ್ಟೆ. ಕಲ್ಲಿಗೆ ಬಿದ್ದು ಅಲ್ಲೇ ಸತ್ತೋದ್ಲು. ಹೆದರಿ ಸಾಗಿಸಿದೆ," ಎಂದ.

ಸಾಕು ಎಂದು ನಾನು ಸಣ್ಣಮಾದಯ್ಯನ ತೋಳು ತಿವಿದೆ. ಅವನು ನಿಲ್ಲಿಸಲಿಲ್ಲ. ಆ ಕ್ಷಣ ಅವನ ಮೇಲೆ ನನಗೆ ಅಸಹ್ಯ ಹುಟ್ಟಿತು.

"ಅಲ್ಲಿ ಸಾಯಲಿಲ್ಲಪ್ಪ. ಸತ್ತವರು ನೀರು ಎಳ್ಕೊಳ್ಳಲ್ಲ. ಅವಳ ಎದೆಯಲ್ಲಿದ್ದದ್ದು ದೇವಿಕೆರೆ ಪಾಚಿ. ನೀನು ಮುಳುಗಿಸಿದಾಗ ಅವಳು ಉಸಿರಾಡ್ತಿದ್ಲು."

ಸೌಮ್ಯಶ್ರೀ ಬಾಯಿಗೆ ಸೆರಗು ಒತ್ತಿಕೊಂಡಳು. ನಾಗಮಣಿಯವರು ಮಾತ್ರ ಅಳಿಯನನ್ನೇ ನೋಡುತ್ತಿದ್ದರು.

"ಅವತ್ತು ಸಂಜೆ ಇಲ್ಲಿಗೆ ಬಂದ್ರಲ್ಲ. ಆಗ ಅವಳೆಲ್ಲಿದ್ಲು?"

"ಹೊರಗೆ, ಕಾರಿನ ಡಿಕ್ಕಿಲಿ," ಎಂದ ಅವನು. "ಕತ್ತಲಾಗ್ಲಿ ಅಂತ..."

"ಇನ್ನೂ ಬೆಳಕಿರೋವಾಗ್ಲೇ ಹೊರಡಕ್ಕೆ ಎದ್ರಿ," ಎಂದರು ನಾಗಮಣಿಯವರು. "ಇನ್ನೊಂದು ಲೋಟ ಕಾಫಿ ಕುಡ್ಕೊಂಡು ಹೋಗಿ ಅಂತ ಕತ್ತಲಾಗೋವರೆಗೂ ನಾನೇ ಕೂರಿಸ್ದೆ."