ಸೂರಿನ ಲೋಟ

1964ರ ಫೆಬ್ರವರಿ 11ರ ಬೆಳಿಗ್ಗೆ ಚಿತ್ರಕಾರ ಚನ್ನಪ್ಪ ಏದುಸಿರು ಬಿಡುತ್ತ ಹಾಸನದ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ಸಂಜೆ ಪ್ರದರ್ಶನದಲ್ಲಿ ಪ್ರಥಮ ಬಹುಮಾನ ಪಡೆದಿದ್ದ ‘ನಮ್ಮ ಮನೆ’ ಎಂಬ ಅವರ ಚಿತ್ರವನ್ನು ಯಾರೋ ಕತ್ತರಿಸಿದ್ದರು. ಇನ್‌ಸ್ಪೆಕ್ಟರ್ ದೇವಯ್ಯ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್ ಲಕ್ಕಯ್ಯನವರೊಡನೆ ಸ್ಥಳಕ್ಕೆ ಧಾವಿಸಿ ಪಂಚನಾಮೆ ನಡೆಸಿದರು. ಚಿತ್ರದಲ್ಲಿ ಹಜಾರ, ತೂಗುಮಣೆ, ತೆರೆದ ಬಾಗಿಲು ಎಲ್ಲವೂ ಹಾಗೆಯೇ ಇದ್ದವು. ಬಾಗಿಲಾಚೆಯ ಸೂರಿನಲ್ಲಿ ಮಾತ್ರ ಅಂಗೈಯಗಲದ ತೂತು.

“ದ್ವೇಸದೋನಾಗಿದ್ರೆ ಪೂರಾ ಅರ್ದಾಕ್ತಿದ್ದ ಸಾ,” ಎಂದರು ಲಕ್ಕಯ್ಯ. “ಇವ್ನು ಕಳೆ ಕಿತ್ತಂಗೆ ಕಿತ್ತವ್ನೆ.”

“ಅಲ್ಲಿ ಏನು ಬರೆದಿದ್ದಿರಿ?” ದೇವಯ್ಯ ಚನ್ನಪ್ಪನವರನ್ನು ಕೇಳಿದರು.

“ಸೂರು, ಅಷ್ಟೆ.” ಚನ್ನಪ್ಪ ನೆಲ ನೋಡಿದರು.

ಚಿತ್ರ ಹರಿದಿದ್ದರೂ ಮನೆ ನಿಂತಿತ್ತಲ್ಲ! ಜೀಪು ಆ ಮನೆಯಿದ್ದ ಹೊಳೆನರಸೀಪುರದತ್ತ ಓಡಿತು. ಚನ್ನಪ್ಪನವರ ಮನೆಯ ಸೂರಿನಲ್ಲಿ ನಗ್ಗಿದ ಅಲ್ಯೂಮಿನಿಯಂ ಲೋಟವೊಂದನ್ನು ಸಿಕ್ಕಿಸಿದ್ದರು.

“ಅದು ಆಳು ಬೈರಯ್ಯಂದು ಕಣಪ್ಪ,” ಎಂದರು ಚನ್ನಪ್ಪನವರ ತಾಯಿ ಪುಟ್ಟತಾಯಮ್ಮ, ಸಂಕೋಚವಿಲ್ಲದೆ. “ನಾವು ಮೇಲಿಂದ ಉಯ್ತೀವಿ. ಕುಡ್ದು ತೊಳ್ದು ಅವ್ನೇ ಸಿಕ್ಕುಸ್ತಾನೆ.”

ಅಸ್ಪೃಶ್ಯತೆಯನ್ನು ಅಪರಾಧವೆಂದು ಸಾರಿದ ಕಾಯಿದೆಗೆ ಆಗ ಒಂಬತ್ತನೆಯ ವರ್ಷ. ಆ ಲೋಟವನ್ನು ಬಣ್ಣದಲ್ಲಿ ತೋರಿಸಿ ಬಹುಮಾನ ಪಡೆದ ವಿದ್ಯಾವಂತನ ಕೈ, ಅದನ್ನು ಸೂರಿನಿಂದ ಒಮ್ಮೆಯೂ ಕೆಳಗಿಳಿಸಿರಲಿಲ್ಲ.

ಚಿತ್ರವನ್ನು ಹಾಸನಕ್ಕೆ ಹೊತ್ತೊಯ್ದವರೂ ಬೈರಯ್ಯನವರೇ ಎಂದು ತಿಳಿಯಿತು. ರಾತ್ರಿ ಪ್ರದರ್ಶನದ ಜಗಲಿಯಲ್ಲೇ ಮಲಗಿದ್ದು ಬೆಳಗಿನ ಬಸ್ಸಿಗೆ ಮರಳಿದ್ದರಂತೆ. ಗದ್ದೆಯಲ್ಲಿದ್ದ ಅವರು ಪೊಲೀಸರನ್ನು ಕಂಡು ಓಡಲಿಲ್ಲ. ಕುಡುಗೋಲು ಕೆಳಗಿಟ್ಟು, ಸೊಂಟದಿಂದ ಕ್ಯಾನ್‌ವಾಸಿನ ತುಂಡನ್ನು ತೆಗೆದುಕೊಟ್ಟರು.

“ಯಾಕೆ ಕುಯ್ದಿರಿ?”

“ನನ್ ಮಗ್ಳು ಮಾಯಮ್ಮ ಆಸನದಾಗೆ ಮೇಷ್ಟ್ರು ಟ್ರೈನಿಂಗ್ ಓದ್ತಾವ್ಳೆ ಸಾ. ಇವತ್ತು ಅವ್ಳ ಕ್ಲಾಸ್ನೋರೆಲ್ಲ ಪಟ ನೋಡಕ್ ಬತ್ತಾರೆ. ಗೆಳತೀರ ಮುಂದೆ ಅಪ್ಪನ್ ಲೋಟ ನೋಡ್ಬಾರ್ದು ಅವ್ಳು.”

ದೇವಯ್ಯ ತುಂಡನ್ನು ಬಿಡಿಸಿ ನೋಡಿದರು: ಅದೇ ನಗ್ಗಿದ ಲೋಟ. ಬಳಿಕ ಬೈರಯ್ಯನವರನ್ನು ದಸ್ತಗಿರಿ ಮಾಡಿದರು. ಸೂರಿನ ಲೋಟವನ್ನೂ ಇಳಿಸಿ ಮೊಹರು ಹಾಕಿಸಿದರು. ಠಾಣೆಯಲ್ಲಿ ಎರಡನೆಯ ಎಫ್‌ಐಆರ್ ತಯಾರಾಯಿತು. ಅದರ ಆರೋಪಿ, ಮೊದಲನೆಯದರ ದೂರುದಾರ ಚನ್ನಪ್ಪ.

“ಮಾಯಮ್ಮ ಪಟ ನೋಡುದ್ಳಾ ಸಾ?” ಬೈರಯ್ಯ ಕೇಳಿದ್ದು ಇದೊಂದನ್ನೇ.

ನೋಡಿದ್ದಳು. ಪ್ರದರ್ಶನದ ಕಾವಲುಗಾರ ಆ ಸಂಜೆ ಹೇಳಿಕೆ ಕೊಟ್ಟ: ಹುಡುಗಿ ಆ ತೂತಿನ ಮುಂದೆ ನಿಂತು, ಅಲ್ಲಿ ಏನಿತ್ತು, ಅದು ಯಾರದು ಎಂದು ಗೆಳತಿಯರೆಲ್ಲರಿಗೂ ತಾನೇ ಹೇಳಿದಳು.