ಕಬ್ಬಿಣಕ್ಕೂ ಹಾಡಿದ ಹುಡುಕುಗೋಲು

ಬಹಳ ಬಹಳ ಹಿಂದೆ, ಹೊಳೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಳೆಸಾಲು ಎಂಬ ಒಂದು ರಾಜ್ಯವಿತ್ತು. ಬಿಸಿಲು ಇಳಿಯುತ್ತಿದ್ದಂತೆ ಊರಿನ ಮಕ್ಕಳೆಲ್ಲ ಕೈಯಲ್ಲೊಂದು ಕೋಲು ಹಿಡಿದು ಹೊಳೆಯ ಮರಳಿಗೆ ಇಳಿಯುತ್ತಿದ್ದರು. ಕೋಲಿನ ತುದಿಗೆ ತಾಮ್ರದ ಬಳೆ. ಬಳೆಯನ್ನು ಮರಳ ಮೇಲೆ ಅತ್ತಿಂದಿತ್ತ ಆಡಿಸಿದರೆ, ಅಡಿಯಲ್ಲಿ ಲೋಹವಿದ್ದ ಕಡೆ ಕೋಲು ಹಾಡುತ್ತಿತ್ತು. ಬಂಗಾರಕ್ಕೆ ಜೇನಿನ ಹಾಗೆ ಗುಂಯ್, ಹಿತ್ತಾಳೆಗೆ ಗಂಟೆಯ ಹಾಗೆ ಟಿಣ್. ಹುಡುಕುಗೋಲು ಎಂದು ಅದಕ್ಕೆ ಹೆಸರು. ದೊಡ್ಡವರು ದಡದಲ್ಲಿ ಕೂತು ಆ ಸದ್ದಿಗಾಗಿ ಕಿವಿಗೊಟ್ಟು ಕಾಯುತ್ತಿದ್ದರು.

ಕಾಯುವುದಕ್ಕೆ ಕಾರಣವಿತ್ತು. ಮಬ್ಬಾಕ್ಷನೆಂಬ ಮಾಂತ್ರಿಕನೊಬ್ಬ ಊರಿನ ಲೋಹದ ಸಾಮಾನನ್ನೆಲ್ಲ ಮಂತ್ರ ಹಾಕಿ ಮರಳಿನಲ್ಲಿ ಹೂತುಬಿಟ್ಟಿದ್ದ. ಸಾಮಾನು ಹೋದರೆ ಹೋಯಿತು, ಮತ್ತೆ ಮಾಡಿಸಬಹುದು. ಆದರೆ ಅವುಗಳ ಹಿಂದೆಯೇ, ಅವನ್ನು ಮುಟ್ಟಿ ಬಾಳಿದವರ ನೆನಪೂ ಹೋಗತೊಡಗಿತು. ಒಂದೇ ಸಲ ಅಲ್ಲ, ತೂತುಬಿದ್ದ ಕೊಡದಿಂದ ನೀರು ಹೋದ ಹಾಗೆ. ಹೋದ ನೆನಪನ್ನೆಲ್ಲ ಮಬ್ಬಾಕ್ಷ ಹೊಳೆಯ ಮೇಲಿನ ಮಂಜಿನಲ್ಲಿ ಕೂತು ತಿಂದು ಕೊಬ್ಬುತ್ತಿದ್ದ. ನೆನಪು ಪೂರಾ ತೀರಿದವರು ಪಾದದಿಂದ ಶುರುವಾಗಿ ಮರಳಾಗುತ್ತಿದ್ದರು.

ಆ ಹೊಳೆಯ ಮರಳು ದೊಡ್ಡವರನ್ನು ಮೊಣಕಾಲಿನ ತನಕ ನುಂಗುತ್ತಿತ್ತು, ಮಕ್ಕಳ ಹಗುರ ಕಾಲನ್ನು ಮಾತ್ರ ತಡೆಯುತ್ತಿತ್ತು. ಹಾಗಾಗಿ ಹುಡುಕುವ ಕೆಲಸ ಮಕ್ಕಳ ಪಾಲಿಗೆ ಬಂತು. ಮಗುವೊಂದು ಹಿತ್ತಾಳೆ ಸೌಟು ಅಗೆದು ತಂದರೆ ಅದರ ಮನೆಯವರಿಗೆ ಥಟ್ಟನೆ ಒಂದು ಮದುವೆ ನೆನಪಾಗುತ್ತಿತ್ತು, ಪಾಯಸದ ಹಂಡೆಯ ಸಮೇತ! ಮಂತ್ರಕ್ಕೆ ಒಂದು ಕೀಲು ಇದೆ, ಅದೂ ಆ ಮರಳಲ್ಲೇ ಇದೆ, ಅದನ್ನು ಕಿತ್ತರೆ ಮಾಂತ್ರಿಕನ ಆಟ ಮುಗಿಯಿತು ಎಂದು ಎಲ್ಲರಿಗೂ ಗೊತ್ತಿತ್ತು. ಅಷ್ಟು ದೊಡ್ಡ ಮಂತ್ರದ ಕೀಲು ಬಂಗಾರದ್ದೇ ಇರಬೇಕೆಂದು ರಾಜ ಬೊಪ್ಪರಸ ನಂಬಿದ್ದ. ರಾಜ ನಂಬಿದ ಮೇಲೆ ಊರೂ ನಂಬಿತು.

ಹೊಳೆಯ ದಡದ ಕಟ್ಟಕಡೆಯ ಮನೆಯಲ್ಲಿ ಚೆನ್ನಾಜಿ ಎಂಬ ಹುಡುಗಿ ತನ್ನ ಅಜ್ಜಿ ನಿಂಗಾಜಮ್ಮನ ಜೊತೆ ಇದ್ದಳು. ಅವಳು ಮೊಲೆಹಾಲು ಬಿಡುವ ಮೊದಲೇ ಅವ್ವ ತೀರಿಕೊಂಡಿದ್ದಳು. ಅವ್ವ ಹೇಗಿದ್ದಳು, ಹೇಗೆ ನಗುತ್ತಿದ್ದಳು ಎಂದು ಹೇಳಬಲ್ಲವಳು ಅಜ್ಜಿ ಒಬ್ಬಳೇ. ಮೊದಮೊದಲು ಅಜ್ಜಿ, "ನಿಮ್ಮವ್ವ ಇದ್ದಳಲ್ಲ..." ಎಂದು ಶುರು ಮಾಡಿ ಅಲ್ಲಿಗೇ ನಿಂತುಬಿಡುತ್ತಿದ್ದಳು. ಆಮೇಲಾಮೇಲೆ ಶುರು ಮಾಡುವುದೂ ನಿಂತಿತು. ಈಗ ದಿನಾ ಬೆಳಿಗ್ಗೆ, "ಯಾರ ಮನೆ ಕೂಸವ್ವ ನೀನು?" ಎಂದು ಕೇಳುತ್ತಿದ್ದಳು. ಅವಳ ಕಾಲ್ಬೆರಳುಗಳು ಆಗಲೇ ಮರಳಾಗಿದ್ದವು. ಗಾಳಿಗೆ ಹಾರಿಹೋಗದಿರಲಿ ಎಂದು ಚೆನ್ನಾಜಿ ಅವಕ್ಕೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ಅಜ್ಜಿ ಹೊಸ್ತಿಲಲ್ಲಿ ಕೂತು ಬಲಗೈಯನ್ನು ಮುಂದಕ್ಕೆ ಹಿಂದಕ್ಕೆ, ಮುಂದಕ್ಕೆ ಹಿಂದಕ್ಕೆ ಆಡಿಸುತ್ತಲೇ ಇರುತ್ತಿದ್ದಳು. ವಯಸ್ಸಾದವರ ಚಾಳಿ ಎಂದು ಜನ ಸುಮ್ಮನಿದ್ದರು.

ಹಾಲುಹಲ್ಲು ಬಿದ್ದು ಮುಂದಿನ ಹಲ್ಲು ಮೂಡಿದ ಮಕ್ಕಳಿಗೆ ಮೊದಲ ಕೋಲು ಆರಿಸುವ ಹಕ್ಕು. ಚೆನ್ನಾಜಿಗೆ ಹಲ್ಲು ಮೂಡಿದ ದಿನವೇ ಅವಳು ಕೋಲು ಮಾಡುವ ಗಿರಿಯವ್ವನ ಮನೆಗೆ ಓಡಿದಳು. ಬಿದಿರಿನ ಹಸಿ ವಾಸನೆ ತುಂಬಿದ್ದ ಆ ಜಗಲಿಗೆ ಬರುವ ಕನಸನ್ನು ಅವಳು ಎಷ್ಟು ಸಲ ಕಂಡಿದ್ದಳೋ.

"ಮೊದಲ್ನೇ ಕೋಲು ಆರ್‍ಸೋದು ಅಂದ್ರೆ ಹುಡುಗಾಟ ಅಲ್ಲ ಮಗಾ," ಎಂದಳು ಗಿರಿಯವ್ವ. "ಅಂದ ನೋಡಿ ಮರುಳಾಗಬೇಡ. ಎತ್ತಿ ನೋಡು, ಆಡಿಸಿ ನೋಡು. ಕೈ ಏನು ಹೇಳುತ್ತೋ ಅದನ್ನ ಕೇಳು."

ಮೊದಲ ಕೋಲಿಗೆ ಸಿಂಹದ ತಲೆ ಕೆತ್ತಿತ್ತು. ಪಾತಾಳದಲ್ಲಿ ಇರುವುದನ್ನೂ ಅದು ಕಂಡುಹಿಡಿಯುತ್ತಿತ್ತು. ಚೆನ್ನಾಜಿ ಅದನ್ನು ಎತ್ತಿಕೊಂಡು ಬಾಗಿಲ ತನಕ ಹೋಗುವಷ್ಟರಲ್ಲಿ ತೋಳು ಬಿದ್ದುಹೋಯಿತು.

"ಇದು ನನ್ನನ್ನೇ ಹೂತುಹಾಕುತ್ತೆ ಗಿರಿಯವ್ವ."

ಎರಡನೆಯ ಕೋಲಿಗೆ ದಂತದ ಹಿಡಿ. ಹೂವಿನಷ್ಟು ಹಗುರ. ಆದರೆ ಬಂಗಾರ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಬಿಡುತ್ತಿರಲಿಲ್ಲ.

"ನಮ್ಮನೇಲಿ ಬಂಗಾರ ಯಾವತ್ತಿತ್ತು? ಇದಕ್ಕೆ ನಮ್ಮನೆ ನೆನಪು ಹೇಗೆ ಸಿಗುತ್ತೆ?" ಎಂದು ಚೆನ್ನಾಜಿ ಅದನ್ನೂ ಕೆಳಗಿಟ್ಟಳು.

ಮೂರನೆಯದು ಬರಿಯ ಬಿದಿರು. ಒಂದರೊಳಗೊಂದು ಸೇರಿದ್ದ ಅದರ ಗೆಣ್ಣುಗಳನ್ನು ಎಳೆದರೆ ಕೋಲು ಉದ್ದವಾಗುತ್ತಿತ್ತು, ಮಗು ಬೆಳೆದಂತೆ ಅದೂ ಬೆಳೆಯಲಿ ಎಂದು. ಅತ್ತಿಂದಿತ್ತ ಆಡಿಸಿದರೆ ಕೈಯಲ್ಲಿ ಕೋಲು ಇದೆ ಎಂಬುದೇ ಮರೆತುಹೋಗುತ್ತಿತ್ತು. ಅದರ ಕುತ್ತಿಗೆಗೆ ಒಂದು ಕೆಂಪು ದಾರ ಬಿಗಿದಿತ್ತು.

"ಈ ದಾರ ಯಾಕೆ?"

"ಬಾಯಿಕಟ್ಟು ಅದು. ಕಬ್ಬಿಣಕ್ಕೆ ಹಾಡದೇ ಇರಲಿ ಅಂತ. ಇಲ್ಲದಿದ್ರೆ ದಿನವಿಡೀ ಮೊಳೆ, ಲಾಳ ಅಗೀತಾ ಕೂರ್ತೀಯ. ಎಲ್ಲಾ ಕೋಲಿಗೂ ಕಟ್ಟೇ ಕೊಡೋದು ನಾನು."

ಚೆನ್ನಾಜಿ ತಲೆಯಾಡಿಸಿ ಬಿದಿರಿನ ಕೋಲು ಹಿಡಿದು ಹೊರಟಳು. ಅವತ್ತು ಸಂಜೆಯೇ ಟಿಣ್ ಎಂದಿತು ಕೋಲು. ಅಗೆದರೆ ಹಿತ್ತಾಳೆಯ ದೀಪ. ಅದು ಪಕ್ಕದ ಮನೆಯ ದೇವಾಜಮ್ಮನದು. ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಗುವನ್ನು ತೂಗುತ್ತಿದ್ದ ದೇವಾಜಮ್ಮ ದೀಪ ಮುಟ್ಟಿದ್ದೇ ಮುಖ ಅರಳಿಸಿದಳು.

"ದೀಪಾವಳಿ! ಅಂಗಳದ ತುಂಬ ದೀಪ, ನಮ್ಮತ್ತೆ ಹಸಿರು ಸೀರೆ ಉಟ್ಟಿದ್ರು!" ಮತ್ತೆ ಅವಳ ಮುಖ ಬಾಡಿತು. "ಹಬ್ಬ ಏನೋ ನೆನಪಾಯ್ತು ಕಣೇ ಚೆನ್ನಾಜಿ. ಮಾರನೇ ದಿನ ಎದ್ದು ಏನು ಮಾಡಿದೆವು ಅನ್ನೋದು ಮಾತ್ರ ಗೊತ್ತಿಲ್ಲ. ಎಲ್ಲರದ್ದೂ ಇದೇ ಕತೆ. ಬರೀ ಹಬ್ಬಗಳು ವಾಪಸ್ಸು ಬಂದಿವೆ, ದಿನಗಳು ಬಂದಿಲ್ಲ."

ಹೀಗೆನ್ನುತ್ತಾ ಅವಳು ಜೋಲಿಯ ಹಗ್ಗವನ್ನು ಮತ್ತೆ ಜಗ್ಗಿದಳು. ಮುಂದಕ್ಕೆ ಹಿಂದಕ್ಕೆ. ಚೆನ್ನಾಜಿ ಆ ಕೈಯನ್ನೇ ನೋಡುತ್ತಾ ನಿಂತಳು. ಅಜ್ಜಿಯ ಕೈ ಆಡುತ್ತಿದ್ದುದೂ ಹೀಗೆಯೇ. ಅವಳು ಚಾಳಿಗೆ ಕೈ ಆಡಿಸುತ್ತಿರಲಿಲ್ಲ, ತೊಟ್ಟಿಲು ತೂಗುತ್ತಿದ್ದಳು!

ಚೆನ್ನಾಜಿ ಒಂದೇ ಉಸಿರಿಗೆ ಮನೆಗೆ ಓಡಿ ನಡುಮನೆಯ ತೊಲೆಯ ಕಡೆಗೆ ತಲೆಯೆತ್ತಿದಳು. ತೊಟ್ಟಿಲ ಕೊಂಡಿ ಇದ್ದ ಜಾಗದಲ್ಲಿ ಒಂದು ತೂತು. ತೂತಿನ ಸುತ್ತ ಕೆಂಪಗೆ ಕಲೆ. ಅದು ತುಕ್ಕು. ಹಿತ್ತಾಳೆಗೆ ಅಂಥ ತುಕ್ಕು ಹಿಡಿಯುವುದಿಲ್ಲ. ಅವಳ ಮನೆಯ ಕೊಂಡಿ ಕಬ್ಬಿಣದ್ದು. ಊರಿನ ಯಾವ ಕೋಲೂ ಅದರ ಮೇಲೆ ಹಾದುಹೋದಾಗ ಹಾಡಿರಲಾರದು. ಅವಳು ಹಲ್ಲಿನಿಂದ ಕಚ್ಚಿ ಕೆಂಪು ದಾರವನ್ನು ಬಿಚ್ಚಿದಳು.

ಮಾರನೆಯ ದಿನ ಮರಳಿಗೆ ಇಳಿದಿದ್ದೇ ತಡ, ಕೋಲು ವಟರ್ ವಟರ್ ಎಂದು ಮಳೆಗಾಲದ ಕಪ್ಪೆಯ ಹಾಗೆ ಕೂಗತೊಡಗಿತು. ಅಗೆದಲ್ಲೆಲ್ಲ ಮೊಳೆ, ಲಾಳ, ಮುರಿದ ಕುಡುಗೋಲು. "ತುಕ್ಕಿನ ರಾಣಿ ಬಂದಳು, ದಾರಿ ಬಿಡ್ರೋ!" ಎಂದು ಮಕ್ಕಳು ಕೇಕೆ ಹಾಕಿದರು. ಚೆನ್ನಾಜಿಗೆ ಅಳುವೇ ಬಂತು, ಆದರೂ ಅಗೆದಳು. ಒಂದು ರೊಟ್ಟಿ ಹೆಂಚು ಸಿಕ್ಕಿತು. ಅದನ್ನು ದಡಕ್ಕೆ ಎಸೆದಳು. ಅಲ್ಲಿ ಕೂತಿದ್ದ ಮುದುಕಿಯೊಬ್ಬಳು ಹೆಂಚನ್ನು ಮುಟ್ಟಿ, "ಅಯ್ಯೋ, ದಿನಾ ಬೆಳಿಗ್ಗೆ ರೊಟ್ಟಿ ಸುಡ್ತಿದ್ದೆ ನಾನು! ಮೊದಲ್ನೇ ರೊಟ್ಟಿ ಯಾವಾಗ್ಲೂ ಹಸುವಿಗೆ!" ಎಂದು ಗಟ್ಟಿಯಾಗಿ ಅತ್ತುಬಿಟ್ಟಳು. ಕೇಕೆ ಹಾಕುತ್ತಿದ್ದ ಮಕ್ಕಳು ತಮ್ಮ ಕೋಲಿನ ಕೆಂಪು ದಾರವನ್ನು ಮುಟ್ಟಿ ನೋಡಿಕೊಂಡರು.

ಮಂಜಿನಲ್ಲಿದ್ದ ಮಬ್ಬಾಕ್ಷನ ಹೊಟ್ಟೆ ಅವತ್ತು ಮೊದಲ ಸಲ ಗುಡುಗುಟ್ಟಿತು. ಅವನು ಬಂಗಾರದ ಕೊಕ್ಕಿನ ಕೊಕ್ಕರೆಯೊಂದನ್ನು ಮಾಡಿ ಕಳಿಸಿದ.

"ಮಗೂ, ನನ್ನ ಕೊಕ್ಕು ತಗೊಂಡು ಮನೆಗೆ ಹೋಗು. ಏಳು ತಲೆಮಾರಿಗೆ ಸಾಕಾಗುತ್ತೆ," ಎಂದಿತು ಕೊಕ್ಕರೆ.

ಕೋಲು ಗುಂಯ್ ಎಂದಿತು. ಕೊಕ್ಕು ನಿಜವಾದ ಬಂಗಾರವೇ. ಚೆನ್ನಾಜಿ ಒಂದು ಗಳಿಗೆ ಅದನ್ನು ನೋಡಿದಳು. "ಇದನ್ನ ಮುಟ್ಟಿದ್ರೆ ನಮ್ಮವ್ವ ನೆನಪಾಗ್ತಾಳಾ?" ಎಂದು ಕೇಳಿದಳು. ಕೊಕ್ಕರೆ ಹಾರಿಹೋಯಿತು.

ಆಮೇಲೆ ಮಬ್ಬಾಕ್ಷ ಒಂದು ಹುಲಿಯನ್ನು ಕಳಿಸಿದ. ಹುಲಿ ಮನೆಯಷ್ಟು ಎತ್ತರ, ಉಗುರುಗಳೆಲ್ಲ ಕಬ್ಬಿಣದ ಕುಡುಗೋಲು. ಉಳಿದ ಮಕ್ಕಳು ಕಿರುಚಿಕೊಂಡು ದಡಕ್ಕೆ ಓಡಿದರು. ಚೆನ್ನಾಜಿಯೂ ಓಡಲು ತಿರುಗಿದಳು. ಆದರೆ ಹುಲಿ ಪಂಜ ಎತ್ತಿದಾಗ ಅವಳ ಕೋಲು ಸುಮ್ಮನಿತ್ತು. ಒಂದು ವಟರ್ ಕೂಡ ಇಲ್ಲ! ಉಗುರಲ್ಲಿ ಕಬ್ಬಿಣವೇ ಇಲ್ಲ ಎಂದ ಮೇಲೆ ಹುಲಿಯೂ ಸುಳ್ಳು, ಬರಿ ಮರಳಿನ ಗೊಂಬೆ. ಚೆನ್ನಾಜಿ ಕಣ್ಣುಮುಚ್ಚಿ ಹುಲಿಯೊಳಗಿಂದಲೇ ನಡೆದುಹೋದಳು. ತಲೆಗೂದಲ ತುಂಬ ಮರಳು ಸುರಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಅಲ್ಲೇ ಮುಂದೆ, ನೀರಿನಂಚಿನಲ್ಲಿ, ಕೋಲು ಹಿಂದೆಂದೂ ಕೂಗದಷ್ಟು ಜೋರಾಗಿ ಕೂಗಿತು. ಚೆನ್ನಾಜಿ ಮಂಡಿಯೂರಿ ಅಗೆಯತೊಡಗಿದಳು. ಆಗ ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು.

"ಚೆನ್ನಾಜೀ, ನನ್ನ ಕಾಲು ಕರಗೋಗ್ತಿದೆ ಕಣವ್ವ. ಅಗೆಯೋದು ಬಿಟ್ಟು ಬೇಗ ಬಾರೇ ಚೆನ್ನಾಜೀ!"

ಅವಳ ಕೈ ನಿಂತಿತು. ಎದ್ದು ಓಡಿಬಿಡಬೇಕೆನಿಸಿತು. ಅದೇ ದನಿ, ಅದೇ ಅಕ್ಕರೆ. ಈ ಕರೆಗಾಗಿ ಅವಳು ಎಷ್ಟು ಕಾಲದಿಂದ ಹಂಬಲಿಸಿದ್ದಳು! ಆಗಲೇ ಅವಳಿಗೆ ಹೊಳೆಯಿತು. ಅಜ್ಜಿಗೆ ತನ್ನ ಹೆಸರು ಮರೆತು ಎಷ್ಟೋ ದಿನವಾಗಿದೆ.

"ನೀನು ನಮ್ಮಜ್ಜಿ ಅಲ್ಲ," ಎಂದಳು ಚೆನ್ನಾಜಿ, ಹಿಂದೆ ತಿರುಗದೆ. "ನಮ್ಮಜ್ಜಿಗೆ ನಾನು ಯಾರು ಅಂತಲೇ ಗೊತ್ತಿಲ್ಲ." ಹೇಳುವಾಗ ಕಣ್ಣೀರು ಧಾರೆಯಾಗಿ ಇಳಿಯಿತು. ಅಗೆದ ಗುಂಡಿಯಲ್ಲಿ ತಲೆಯೆತ್ತಿದ್ದ ಕೊಂಡಿಯನ್ನು ಎರಡೂ ಕೈಯಿಂದ ಹಿಡಿದು ಎಳೆದಳು.

ತೊಟ್ಟಿಲ ಕೊಂಡಿ ಕಿತ್ತು ಬಂತು. ಮಬ್ಬಾಕ್ಷನ ಮಂತ್ರದ ಕೀಲು ಅದೇ ಆಗಿತ್ತು. ಕಬ್ಬಿಣವನ್ನು ಯಾರೂ ಹುಡುಕುವುದಿಲ್ಲ ಎಂದು ಬಲ್ಲ ಆ ಖದೀಮ, ಹೊಳೆಗೆ ಹತ್ತಿರದ ಮನೆಯಿಂದ ಅದನ್ನು ಕಿತ್ತುತಂದು ತನ್ನ ಮಂತ್ರವನ್ನೆಲ್ಲ ಅದಕ್ಕೆ ತಗುಲಿಹಾಕಿದ್ದ. ಮಂಜು ಹರಿಯಿತು. ತಿಂದ ನೆನಪೆಲ್ಲ ಹೊಟ್ಟೆಯಿಂದ ಹೊರಟುಹೋಗಿ ಮಬ್ಬಾಕ್ಷ ತಾನು ಯಾರೆಂಬುದನ್ನೇ ಮರೆತ, ಮರೆತು ಒಂದು ಗುಡ್ಡೆ ಮರಳಾದ. ಹೊಳೆ ಅದನ್ನು ತೊಳೆದುಕೊಂಡು ಹೋಯಿತು. ಮರಳಿನಿಂದ ಕೊಡ, ಗಂಟೆ, ಕುಡುಗೋಲು, ಹೆಂಚುಗಳೆಲ್ಲ ಮೇಲೆದ್ದು ಬಂದವು. ಊರಿಗೆ ಅದರ ದಿನಗಳು ವಾಪಸ್ಸು ಸಿಕ್ಕಿದವು.

ಚೆನ್ನಾಜಿ ಕೊಂಡಿ ಹಿಡಿದು ಮನೆಗೆ ಓಡಿದಳು. ಹೊಸ್ತಿಲಲ್ಲಿ ಅಜ್ಜಿ ಎದ್ದು ನಿಂತಿದ್ದಳು, ಬೆರಳೆಲ್ಲ ಇದ್ದ ತನ್ನ ಕಾಲ ಮೇಲೆ.

"ಎಲ್ಲೇ ಹೋಗಿದ್ದೆ ಚೆನ್ನಾಜಿ? ಕೈಯೆಲ್ಲ ತುಕ್ಕು ಮಾಡ್ಕೊಂಡಿದೀಯಲ್ಲೇ!"

ಆ ಬೈಗುಳದಷ್ಟು ಸಿಹಿಯಾದ ಮಾತನ್ನು ಚೆನ್ನಾಜಿ ಅದುವರೆಗೆ ಕೇಳಿರಲಿಲ್ಲ. ಅವಳು ಅಜ್ಜಿಯ ಕೈಗೆ ಕೊಂಡಿಯನ್ನಿಟ್ಟಳು. ಅಜ್ಜಿ ಅದನ್ನು ನೋಡಿ ಮೆತ್ತಗೆ ನಕ್ಕಳು.

"ನಿಮ್ಮವ್ವ ಇದ್ದಳಲ್ಲ," ಎಂದಳು. ಈ ಸಲ ಅಲ್ಲಿಗೇ ನಿಲ್ಲಲಿಲ್ಲ. "ತೊಟ್ಟಿಲ ಹಗ್ಗ ಕಾಲ್ಬೆರಳಿಗೆ ಸಿಕ್ಕಿಸ್ಕೊಂಡು ತೂಗೋಳು, ಕೈಯಲ್ಲಿ ಅವರೆಕಾಳು ಹಿಸುಕೋಳು. ಹಾಡೋಕೆ ಒಂದು ಚೂರೂ ಬರ್ತಿರಲಿಲ್ಲ ಅವಳಿಗೆ. 'ಮಲಗೇ ನನ್ನ ಚಂಡಿ, ಮಲಗೇ ನನ್ನ ಚಂಡಿ' ಅಂತ ಅದನ್ನೇ ಹೇಳೋಳು. ನೀನು ಮಲಗ್ತಾನೇ ಇರಲಿಲ್ಲ. ಕಾಳು ಒಂದೊಂದೇ ತೆಗೆದು ನಿನ್ನ ಮೂಗಿನ ಮೇಲಿಟ್ಟು ನಗೋಳು. ನಾನು ನೀರು ತರೋಕೆ ಹೋದಾಗ ಈ ಕೊಂಡಿ ಕಿರ್ ಕಿರ್ ಅನ್ನೋದು ಹೊಳೆ ತನಕ ಕೇಳಿಸೋದು. ಅದು ಕೇಳಿಸಿದ್ರೆ ಮನೆಯಲ್ಲಿ ಎಲ್ಲಾ ಚೆನ್ನಾಗಿದೆ ಅಂತ ನನಗೆ ನೆಮ್ಮದಿ."

ಹಬ್ಬವಲ್ಲ, ಮದುವೆಯಲ್ಲ, ಯಾವುದೋ ಒಂದು ಸಾಮಾನ್ಯ ದಿನ. ಚೆನ್ನಾಜಿ ಅಜ್ಜಿಯ ತೊಡೆಯ ಮೇಲೆ ಮುಖವಿಟ್ಟು, ತನ್ನ ಮೂಗನ್ನು ಮುಟ್ಟಿ ನೋಡಿಕೊಂಡು, ನಗುತ್ತಾ ಅತ್ತಳು.

ಬೊಪ್ಪರಸ ರಾಜ ಅವಳಿಗೆ ಆನೆ ಕೊಡುತ್ತೇನೆಂದ. ಕಟ್ಟಲು ಜಾಗವಿಲ್ಲ ಎಂದಳು ಚೆನ್ನಾಜಿ. ಗಿರಿಯವ್ವ ತನ್ನ ಮನೆಯಲ್ಲಿದ್ದ ಕೆಂಪು ದಾರವನ್ನೆಲ್ಲ ಹೊಳೆಗೆ ಬಿಟ್ಟಳು. ಅಂದಿನಿಂದ ಹೊಳೆಸಾಲಿನ ಮಕ್ಕಳು ಮೊದಲ ಕೋಲು ಆರಿಸುವಾಗ ಅದು ಮೊಳೆಗೂ ಹಾಡುತ್ತದೆಯೇ ಎಂದು ನೋಡಿಯೇ ತೆಗೆದುಕೊಳ್ಳುತ್ತಾರೆ.

ಕೊಂಡಿ ಮತ್ತೆ ತೊಲೆಗೆ ಏರಿತು. ಮುಂದೆ ಚೆನ್ನಾಜಿಯ ಮಕ್ಕಳೂ ಮೊಮ್ಮಕ್ಕಳೂ ಅದರ ಕೆಳಗೆ, ಅದೇ ಒಂದು ಸಾಲು ಕೇಳುತ್ತಾ, ಮಲಗದೆ ಚಂಡಿ ಹಿಡಿದರು. ಆ ಊರಿನವರು ಸುಖವಾಗಿದ್ದರು, ಹಾಗೆ ಸುಖವಾಗಿದ್ದ ದಿನಗಳು ಅವರಿಗೆ ಒಂದೊಂದೂ ನೆನಪಿದ್ದವು.