ಜಾಡಿಗೆ ಕಟ್ಟಿದ ಕೆಂಪು ಬಲೂನು

"ಎಲ್ಲರ ಮುಂದೆ ಹೇಳ್ರೀ! ಯಾಕೆ ಚೀಟೀಲಿ ಬರೀತೀರ?"

ಟ್ರೂಡಿಯ ದನಿಗೆ ಶೆಬಾಯ್ಗನ್ ಊರಿನ ಮನೆ-ಬಿಯರ್ ಸಂಘದ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಮೇಜಿನಾಚೆ ಕುಳಿತಿದ್ದವನು ಎಮೆಟ್ ಲುಂಡ್. ಸರೋವರದ ದಡದಲ್ಲಿ ದೋಣಿ ರಿಪೇರಿ ಮಾಡುವವನು. ಈ ವರ್ಷ ರುಚಿ ನೋಡಿ ತೀರ್ಪು ಹೇಳುವ ಕೆಲಸ ಅವನ ಪಾಲಿಗೆ ಬಂದಿತ್ತು.

ಅವನು ಪೆನ್ಸಿಲ್ ಕೆಳಗಿಟ್ಟ. ನೇರವಾಗಿ ಅವಳ ಕಣ್ಣನ್ನೇ ನೋಡಿದ.

"ನಿಮ್ಮ ಬಿಯರಲ್ಲಿ ಒದ್ದೆ ರಟ್ಟಿನ ವಾಸನೆ ಬರ್ತಿದೆ. ಹುದುಗಿದ ಮೇಲೆ ತಣಿಸುವಾಗ ಗಾಳಿ ಸೋಕಿದೆ."

ಯಾರೋ ಕಿಸಕ್ಕನೆ ನಕ್ಕರು. ಟ್ರೂಡಿಯ ಕೆನ್ನೆ ಕೆಂಡವಾಯಿತು.

ಸಂಘದ ಬೇಸಿಗೆ ಕೂಟದಲ್ಲಿ ಪೀಪಾಯಿ ಸಾಲಿನ ಮೊದಲ ನಲ್ಲಿಯಿಂದ ಸುರಿಯುವುದು ಅವಳ ಅಜ್ಜ ಓಟ್ಟೊ ಮಾಡುತ್ತಿದ್ದ ಬಿಯರ್. ನಲವತ್ತು ವರ್ಷದ ಪದ್ಧತಿ. ಅಜ್ಜ ಹೋದ ಮೇಲೆ ಅದನ್ನು ಮಾಡುವವಳು ಅವಳೊಬ್ಬಳೇ. ಎರಡು ವರ್ಷದಿಂದ ಅದು ಕೆಡುತ್ತಲೇ ಇತ್ತು!

ಸಂಘದ ಅಧ್ಯಕ್ಷ ಹಾರ್ಲನ್ ಹೊಟ್ಟೆ ಸವರಿಕೊಂಡ. "ಸಾಕು ಬಿಡಮ್ಮಾ. ಆ ನಲ್ಲಿಗೆ ಇನ್ನು ನನ್ನ ಬಿಯರ್ ಹಾಕೋಣ. ನೀನು ಜೊತೆಗೆ ತಿನ್ನೋಕೆ ಪ್ರೆಟ್ಸೆಲ್ ಬ್ರೆಡ್ ಸುಟ್ಕೊಂಡು ಬಾ, ಅದು ನಿನ್ನ ಕೈಗೆ ಹತ್ತುತ್ತೆ."

"ಏಪ್ರಿಲ್‌ವರೆಗೆ ಟೈಮ್ ಕೊಡಿ. ಆಗಲೂ ಕೆಟ್ಟರೆ ನಲ್ಲಿ ನಿಮ್ದು. ಪ್ರೆಟ್ಸೆಲ್ ಮಾತ್ರ ನೀವೇ ಸುಟ್ಕೊಳ್ಳಿ ಹಾರ್ಲನ್ ಮಾಮ!"

ಬಾಗಿಲು ಧಡಾರನೆ ಬಿತ್ತು.

'ಗಾಳಿಯಂತೆ! ನನ್ನ ಜಾಡಿಗೆ ಗಾಳಿ ಹೇಗೆ ಹೋಗುತ್ತೆ? ಹಾರ್ಲನ್ ಜೊತೆ ಸೇರ್ಕೊಂಡು ನನ್ನನ್ನ ಹೊರಗೆ ಹಾಕೋಕೆ ನೋಡ್ತಿದ್ದಾನೆ...'

ಅಂದೇ ಅವಳು ದೊಡ್ಡ ಗಾಜಿನ ಜಾಡಿಯಲ್ಲಿ ಹೊಸ ಬಿಯರ್ ಹುದುಗಲು ಇಟ್ಟಳು.

ಮೂರನೇ ವಾರ, ಫೆಬ್ರವರಿಯ ಒಂದು ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ತೆರೆದರೆ ಎಮೆಟ್! ಬೂಟಿನ ಮೇಲೆಲ್ಲ ಹಿಮ. ಕೈಯಲ್ಲಿ ಹೃದಯದಾಕಾರದ ಕೆಂಪು ಬಲೂನು. ಗಾಳಿ ತುಂಬಿರದ, ಚಪ್ಪಟೆಯಾಗಿ ಥಳಥಳ ಹೊಳೆಯುವ ಬಲೂನು.

ಟ್ರೂಡಿಗೆ ಮೈಯೆಲ್ಲ ಉರಿಯಿತು.

"ಎಲ್ಲರ ಮುಂದೆ ನನ್ನ ಮಾನ ತೆಗೆದು, ಈಗ ಹೃದಯ ತಂದಿದ್ದೀರಾ? ತಗೊಂಡು ಹೋಗ್ರೀ! ನಾನು ಅಷ್ಟು ಅಗ್ಗ ಅಂದ್ಕೊಂಡ್ರಾ?"

"ಅಯ್ಯೋ, ಇದು ನಿಮಗಲ್ಲ!" ಅವನು ತೊದಲಿದ. "ನಿಮ್ಮ ಜಾಡಿಗೆ..."

"ಏನು?!"

"ಅಂಗಡೀಲಿ ಇದೊಂದೇ ಉಳಿದಿತ್ತು... ಮೊದಲು ಒಂದು ಮಾತು ಹೇಳಿ. ಹೊರಗಿನ ಗಾಳಿ ಬರದ ಹಾಗೆ ಜಾಡಿ ಬಾಯಿಗೆ ನೀರಿನ ನಳಿಕೆ ಇಡ್ತೀರಲ್ಲ, ಫ್ರಿಜ್ಜಿಗಿಟ್ಟ ಮಾರನೇ ದಿನ ಅದರಲ್ಲಿ ನೀರು ಇರುತ್ತಾ?"

ಟ್ರೂಡಿಗೆ ನೆನಪಾಯಿತು.

ಇರುತ್ತಿರಲಿಲ್ಲ. ಪ್ರತಿ ಸಲವೂ ನಳಿಕೆ ಬರಿದಾಗಿರುತ್ತಿತ್ತು. ಆರಿಹೋಗಿದೆ ಎಂದುಕೊಂಡು ಅವಳೇ ಮತ್ತೆ ತುಂಬುತ್ತಿದ್ದಳು!

"ಆರಿಹೋಗಲ್ಲ ಅದು," ಎಂದ ಎಮೆಟ್ ಮೆಲ್ಲಗೆ. "ತಣ್ಣಗಾಗ್ತಾ ಒಳಗಿನ ಗಾಳಿ ಕುಗ್ಗುತ್ತೆ, ಜಾಡಿ ಉಸಿರು ಎಳ್ಕೊಳ್ಳುತ್ತೆ. ಮೊದಲು ನಳಿಕೆ ನೀರು ಒಳಗೆ, ಆಮೇಲೆ ಹೊರಗಿನ ಗಾಳಿ."

"ಅಜ್ಜನೂ ಅದೇ ನಳಿಕೆ ಇಡ್ತಿದ್ರು!"

"ಅವರು ನೆಲಮಾಳಿಗೆ ಚಳೀಲಿ ವಾರಗಟ್ಟಲೆ, ಅದು ಹುದುಗ್ತಿರುವಾಗಲೇ ನಿಧಾನವಾಗಿ ತಣಿಸ್ತಿದ್ರು. ಒಳಗಿಂದ ಗಾಳಿ ಹೊರಡ್ತಾನೇ ಇತ್ತು, ಹೊರಗಿಂದ ಎಳ್ಕೊಳ್ತಿರಲಿಲ್ಲ. ನೀವು ಒಂದೇ ಸಲ ಫ್ರಿಜ್ಜಿಗೆ ನೂಕ್ತೀರ. ಈಗ ಇನ್ನೂ ಗುಳುಗುಳು ಅಂತಿದೆಯಾ?"

"...ಅಂತಿದೆ."

"ಹಾಗಾದ್ರೆ ಇವತ್ತೇ ಬಲೂನು ಕಟ್ಟಬೇಕು. ಹುದುಗೋದು ನಿಲ್ಲೋ ಮುಂಚೆ ಅದು ತುಂಬ್ಕೋಬೇಕು."

ನಳಿಕೆ ತೆಗೆದು ಆ ಜಾಗಕ್ಕೆ ಬಲೂನು ಕಟ್ಟಿದರು. ಜಾಡಿಯ ಒಳಗಿನ ಗಾಳಿ ಅದನ್ನು ನಿಧಾನವಾಗಿ ಉಬ್ಬಿಸಿತು. ಬಲೂನು ಮೇಲಕ್ಕೆ ಹಾರಲಿಲ್ಲ. ಬಿಯರ್‌ನ ಗಾಳಿ ಭಾರ. ಜಾಡಿಯ ಹೆಗಲ ಮೇಲೆ ಒರಗಿಕೊಂಡೇ ದುಂಡಗಾಯಿತು.

ನಾಲ್ಕು ದಿನದ ನಂತರ ಬಲೂನಿನ ಸಮೇತ ಜಾಡಿಯನ್ನು ಫ್ರಿಜ್ಜಿಗಿಟ್ಟಳು. ಮರುದಿನ ನೋಡಿದರೆ ಹೃದಯ ಅರ್ಧಕ್ಕರ್ಧ ಸೊರಗಿತ್ತು. ಬಿಯರ್ ತನ್ನ ಉಸಿರನ್ನೇ ತಾನು ವಾಪಸು ಎಳೆದುಕೊಂಡಿತ್ತು!

ಫ್ರಿಜ್ಜಿನ ಮುಂದೆ ಟ್ರೂಡಿ ಕುಕ್ಕರುಗಾಲಲ್ಲಿ ಕುಳಿತಳು.

'ಅವನು ಹೇಳಿದ್ದು ನಿಜ... ಎಲ್ಲರ ಮುಂದೆ ಹೇಳಿ ಅಂತ ಹಟ ಹಿಡಿದದ್ದೂ ನಾನೇ. ಆದ್ರೆ ಯಾಕೆ ಬಂದ? ನಾನು ಸೋತರೆ ಅವನಿಗೇನು?'

ಏಪ್ರಿಲ್ ಬಂತು. ಮತ್ತೆ ಅದೇ ಕೋಣೆ, ಅದೇ ಮೇಜು. ಹಾರ್ಲನ್ ಆಗಲೇ ತನ್ನ ಪೀಪಾಯಿ ತಂದಿಟ್ಟಿದ್ದ.

ಎಮೆಟ್ ಒಂದು ಗುಟುಕು ಕುಡಿದ. ಕಣ್ಣು ಮುಚ್ಚಿದ. ಲೋಟ ಕೆಳಗಿಟ್ಟ.

"ಇದಕ್ಕೆ ನಾನು ತೀರ್ಪು ಹೇಳಲ್ಲ."

ಮತ್ತೆ ಕೆಟ್ಟಿತೇ...? ಆದರೂ ಟ್ರೂಡಿ ತಲೆ ತಗ್ಗಿಸಲಿಲ್ಲ.

"ಯಾಕೆ? ಎಲ್ಲರ ಮುಂದೆ ಹೇಳ್ರೀ!"

"ಹೇಳ್ಲಾ?"

"ಹೇಳಿ!"

"ಮಾಡಿದವಳ ಮೇಲೆ ಮನಸ್ಸಿಟ್ಟವನು ಬಿಯರಿಗೆ ತೀರ್ಪು ಕೊಡಬಾರದು. ನನ್ನ ಮನಸ್ಸು ಅವಳ ಹತ್ತಿರ ಇದೆ. ಫೆಬ್ರವರಿಯಿಂದ."

ಟ್ರೂಡಿ ತುಂಬಿದ ಲೋಟವನ್ನು ಎತ್ತಿ ಹಾರ್ಲನ್ ಮುಂದೆ ಕುಕ್ಕಿದಳು. "ನಿಮಗಂತೂ ನನ್ನ ಮೇಲೆ ಪ್ರೀತಿ ಇಲ್ಲವಲ್ಲ. ನೀವೇ ಕುಡಿದು ಹೇಳಿ ಮಾಮ!"

ಹಾರ್ಲನ್ ಲೋಟವನ್ನು ಮೂಗಿನ ಹತ್ತಿರ ಹಿಡಿದ. ಕುಡಿದ. ಲೋಟ ಬರಿದಾಯಿತು.

"ಸರಿಯಾಗಿ ಗೊತ್ತಾಗ್ಲಿಲ್ಲ," ಎಂದು ಗೊಣಗಿದ. "ಇನ್ನೊಂದು ಹಾಕು."

ಎರಡನೆಯದೂ ಮುಗಿಯಿತು. ಅವನ ಕಣ್ಣಂಚು ಒದ್ದೆಯಾಗಿತ್ತು.

"ಓಟ್ಟೊನೇ ಬಂದು ಪಕ್ಕದಲ್ಲಿ ಕೂತ ಹಾಗಾಯ್ತು ಕಣಮ್ಮಾ. ನಲ್ಲಿ ನಿಂದೇ... ಪ್ರೆಟ್ಸೆಲ್ ನಾನೇ ಸುಡ್ತೀನಿ."

ಚಪ್ಪಾಳೆಯ ನಡುವೆ ಅವಳು ಎಮೆಟ್‌ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಸರೋವರದ ಮೇಲೆ ಮಧ್ಯಾಹ್ನದ ಬಿಸಿಲು ಮಿನುಗುತ್ತಿತ್ತು.

"ಒಂದು ಮಾತು ಕೇಳ್ತೀನಿ. ನಿಜ ಹೇಳ್ಬೇಕು. ಅಂಗಡೀಲಿ ಆ ದಿನ ಹೃದಯದ ಬಲೂನೊಂದೇ ಇದ್ದದ್ದಾ?"

ಎಮೆಟ್ ಕಿವಿ ಕೆರೆದುಕೊಂಡ.

"ಇಲ್ಲ... ಒಂದು ಡೈನೋಸಾರೂ ಇತ್ತು."

ಟ್ರೂಡಿ ನಕ್ಕಳು. ನಗುತ್ತಲೇ ಅವನ ಅಂಗಿಯ ಕಾಲರ್ ಹಿಡಿದು ಹತ್ತಿರ ಎಳೆದಳು.

"ಸುಳ್ಳ! ಮುಂದಿನ ಜಾಡಿಗೆ ಡೈನೋಸಾರ್ ತಗೊಂಡು ಬಾ."

"ಮತ್ತೆ ಆ ಹೃದಯ?"

"ಅದು ನಂದು. ವಾಪಸು ಕೊಡಲ್ಲ."